ಗೋಡೆಯ ಮೇಲಿನ ಪೆಟ್ಟಿಗೆ

ಸೋಮವಾರ ಬೆಳಗಾಗುವಷ್ಟರಲ್ಲಿ ಊರಿನ ಎಲ್ಲ ಮೊಬೈಲುಗಳಲ್ಲೂ ಉಡಚವ್ವನ ಹೆಸರಿತ್ತು. ಉಡಚವ್ವನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ.

ನಳದ ಕೆಳಗೆ ಕೊಡ ಇಟ್ಟಾಗ ಮೇಲೋಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕಟ್ಟೆಯ ಮೇಲೆ ಕೂತಿದ್ದವರು ಮೊಬೈಲನ್ನು ಅವಳ ಕಡೆ ತಿರುಗಿಸಿ ಹಿಡಿದರು. ಸೀರೆ ಎಲ್ಲಾದರೂ ಹರಿದಿದೆಯೇ ಎಂದು ಅವಳು ಹಿಂದೆ ಮುಂದೆ ನೋಡಿಕೊಂಡಳು. ಹರಿದಿರಲಿಲ್ಲ. ಮನೆಗೆ ಬಂದರೆ ಮಗಳು ಅನ್ನಪೂರ್ಣಾ ಮೊಬೈಲನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು. ಏನಾಯಿತೆಂದು ಕೇಳಿದರೆ ಮೊಬೈಲನ್ನು ಇನ್ನೂ ಒಳಗೆ ತಳ್ಳಿಕೊಂಡಳು. ಕೊನೆಗೆ ಪಕ್ಕದ ಮನೆಯ ಸುಗರಾ ಬಂದು ಹೇಳಿದಳು.

"ಸಾವ್ಕಾರ್ರ ಮನಿ ವೈಫೈ ಹೆಸರು ಬದಲಿ ಮಾಡ್ಯಾರ ಅಕ್ಕಾ. 'ಉಡಚಿ ಮಗಳು ಕಳ್ಳಿ' ಅಂತ ಇಟ್ಟಾರ. ಯಾರ ಮೊಬೈಲ್ ತಗದ್ರೂ ಅದ ಕಾಣ್ತೈತಿ."

ಉಡಚವ್ವ ಕೊಡ ಇಳಿಸಿದಳು. ನೀರು ಚೆಲ್ಲಿತು. ಅವಳು ಒರೆಸಲಿಲ್ಲ.

ಮೆಣಸಗಿಯ ಆಚೆಗಿರುವ ಆ ಊರು ಹೊಸ ಊರು. ಮಲಪ್ರಭೆ ಉಕ್ಕಿ ಹಳೆಯ ಊರನ್ನು ನುಂಗಿದ ಮೇಲೆ ಸರಕಾರ ಕಟ್ಟಿಸಿಕೊಟ್ಟದ್ದು. ಎಲ್ಲರಿಗೂ ಒಂದೇ ಅಳತೆಯ ಮನೆ, ಒಂದೇ ಬಣ್ಣ, ಗೋಡೆಯ ಮೇಲೆ ನಂಬರು. ಇನ್ನು ಮುಂದೆ ಇಲ್ಲಿ ಕೇರಿ ಎಂಬುದೇ ಇರುವುದಿಲ್ಲ ಎಂದು ಅಧಿಕಾರಿಗಳು ಮೈಕಿನಲ್ಲಿ ಹೇಳಿದ್ದರು. ಮನೆ ಹಂಚುವ ದಿನ ಚೀಟಿ ಎತ್ತಿದರು. ಚೀಟಿ ಎತ್ತಿದರೂ ಕೇರಿಯವರ ಹದಿನೆಂಟು ಮನೆಗಳು ಹಳ್ಳದ ಮಗ್ಗುಲಿನ ತಗ್ಗಿನಲ್ಲೇ ಬಂದವು. ಅದು ಹೇಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ತಗ್ಗಿಗೆ ಟವರಿನ ಸಿಗ್ನಲ್ಲೂ ಇಳಿಯುತ್ತಿರಲಿಲ್ಲ.

ತಗ್ಗು ಮುಗಿದು ದಿಬ್ಬ ಏರುವಲ್ಲಿ ಮಹಾಲಿಂಗಪ್ಪನ ಮನೆ. ಅರವತ್ತು ಎಕರೆ ಎರೆ ಹೊಲ, ಗಜೇಂದ್ರಗಡದ ಪೇಟೆಯಲ್ಲಿ ಅಡತಿ ಅಂಗಡಿ. ಮೂರು ಮನೆಗಳ ಗೋಡೆ ಒಡೆದು ಒಂದು ಮಾಡಿಕೊಂಡು, ಮೇಲೆ ಮಾಳಿಗೆ ಏರಿಸಿದ್ದ. ಅವನ ದನದ ಕೊಟ್ಟಿಗೆಯ ಹಿಂದಿನ ಗೋಡೆ ಉಡಚವ್ವನ ಬಾಗಿಲಿಗೆ ಎದುರಾಗಿತ್ತು. ನಡುವೆ ಹತ್ತು ಹೆಜ್ಜೆಯ ಅಂತರ.

ಎರಡು ವರ್ಷದ ಹಿಂದೆ ಇಂಟರ್ನೆಟ್ಟಿನ ಕೇಬಲ್ ಬಂತು. ಅಗೆಯುವ ಯಂತ್ರ ತಗ್ಗಿನ ಕೆಸರಿನಲ್ಲಿ ಹೂತಿತು. ಆಗ ಮಹಾಲಿಂಗಪ್ಪ ಕೇರಿಗೆ ಬಂದು, ಇದು ಇಡೀ ಊರಿಗೆ ಬರುವ ಲೈನು, ನಿಮ್ಮ ಮನೆಗಳಿಗೂ ಬರುತ್ತದೆ, ಕೈಯಿಂದಲೇ ಅಗೆಯಿರಿ ಎಂದ. ಕೇರಿಯವರು ಗುದ್ದಲಿ ಹಾರೆ ಹಿಡಿದು ಇಳಿದರು. ಮೇಲಿನ ಎರಡು ಅಡಿ ಎರೆಮಣ್ಣು, ಅದು ಗುದ್ದಲಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಅದರ ಕೆಳಗೆ ಗರಸು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು, ಪೆಟ್ಟು ಹಲ್ಲಿನವರೆಗೆ ಏರುತ್ತಿತ್ತು. ಉಡಚವ್ವ ಹನ್ನೊಂದು ದಿನ ಅಗೆದಳು. ಅಂಗೈಯ ಗುಳ್ಳೆ ಒಡೆದು ರಕ್ತ ಹಾರೆಗೆ ಮೆತ್ತಿತು. ಅರಿವೆ ಸುತ್ತಿಕೊಂಡು ಮತ್ತೆ ಅಗೆದಳು. ಕೇಬಲ್ಲು ಅವಳ ಬಾಗಿಲ ಮುಂದಿನಿಂದಲೇ ಹಾದು ಮಹಾಲಿಂಗಪ್ಪನ ಪಡಸಾಲೆಯ ಗೋಡೆ ಏರಿತು. ಅಲ್ಲೊಂದು ಬಿಳಿ ಪೆಟ್ಟಿಗೆ ಕೂತಿತು. ಅಲ್ಲಿಂದ ಮೇಲೋಣಿಯ ಹನ್ನೊಂದು ಮನೆಗಳ ಮಾಳಿಗೆಗೆ ಚಿಕ್ಕ ಚಿಕ್ಕ ಡಬ್ಬಿ ಕಟ್ಟಿ ವೈಫೈ ಹಂಚಿದರು. ಕೇರಿಗೆ ಯಾವಾಗ ಎಂದು ಕೇಳಿದರೆ ಮಹಾಲಿಂಗಪ್ಪ, ಪೆಟ್ಟಿಗೆಗೆ ಅಷ್ಟು ತಾಕತ್ತಿಲ್ಲ ಎಂದ.

ಉಡಚವ್ವನ ಗಂಡ ದೇವಪ್ಪ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದ. ಅನ್ನಪೂರ್ಣಾ ಪಿಯುಸಿ ಮುಗಿಸಿ ನರ್ಸಿಂಗಿಗೆ ಅರ್ಜಿ ಹಾಕಬೇಕೆಂದಳು. ಅರ್ಜಿ, ದಾಖಲೆ, ಸೀಟು, ಎಲ್ಲವೂ ಮೊಬೈಲಿನಲ್ಲೇ ನಡೆಯುವಂಥದ್ದು. ಉಡಚವ್ವ ಹೋಗಿ ಮಹಾಲಿಂಗಪ್ಪನ ಸೊಸೆ ರಾಜೇಶ್ವರಿಯ ಮುಂದೆ ಕೈ ಜೋಡಿಸಿದಳು. ರಾಜೇಶ್ವರಿ ಮೆಲುಮಾತಿನವಳು. ದಿನಾ ಬೆಳಿಗ್ಗೆ ಕೊಟ್ಟಿಗೆಯ ಸಗಣಿ ಗಂಜಲ ಬಳಿದು ಕೊಟ್ಟರೆ ಮಗಳು ಕೊಟ್ಟಿಗೆಯ ಹಿಂದೆ ಕೂತು ವೈಫೈ ಬಳಸಬಹುದು ಎಂದಳು.

ಹದಿನಾಲ್ಕು ದನ. ಉಡಚವ್ವ ಐದಕ್ಕೆ ಎದ್ದು ಬರಿಗೈಯಲ್ಲಿ ಸಗಣಿ ಬಾಚಿ, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ತಿಪ್ಪೆಗೆ ಹಾಕುತ್ತಿದ್ದಳು. ಗಂಜಲ ಬುಟ್ಟಿಯಿಂದ ಸೋರಿ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಅದಾದ ಮೇಲೆ ಹೊಲದ ಕೂಲಿ. ಅನ್ನಪೂರ್ಣಾ ಪಾಸ್‌ವರ್ಡ್ ಹಾಕಿಸಿಕೊಳ್ಳಲು ಹೋದಾಗ ಮೊಬೈಲನ್ನು ಮೆಟ್ಟಿಲ ಮೇಲೆ ಇಟ್ಟು ಹಿಂದೆ ಸರಿಯಬೇಕಿತ್ತು. ರಾಜೇಶ್ವರಿ ಅದರ ಮೇಲೆ ಸ್ಯಾನಿಟೈಸರ್ ಹೊಡೆದು, ಅರಿವೆಯಿಂದ ಒರೆಸಿ ಎತ್ತಿಕೊಂಡಳು. ಕೊರೊನಾ ಹೋಗಿ ವರ್ಷಗಳಾಗಿದ್ದವು.

ಕೇರಿಯ ಉಳಿದವರಿಗೂ ಇಂಟರ್ನೆಟ್ ಬೇಕಿತ್ತು. ಸುಗರಾಳ ಗಂಡ ಅಯಾಜನೂ ಗೋವಾದಲ್ಲೇ ಇದ್ದ. ಅವನು ಹೋದ ಮೇಲೆ ಹುಟ್ಟಿದ ಕೂಸಿನ ಮುಖವನ್ನು ಅವನು ಇನ್ನೂ ನೋಡಿರಲಿಲ್ಲ. ಅನ್ನಪೂರ್ಣಾ ತನ್ನ ಮೊಬೈಲಿನಲ್ಲಿ ವೈಫೈಯ ಕ್ಯೂಆರ್ ಕೋಡಿನ ಚೌಕ ತೆರೆದು ಸುಗರಾಳ ಮೊಬೈಲಿಗೆ ತೋರಿಸಿದಳು. ಪಾಸ್‌ವರ್ಡ್ ಹೇಳದೆಯೇ ಸುಗರಾಳ ಮೊಬೈಲೂ ಕೂಡಿಕೊಂಡಿತು. ಸುಗರಾ ಕೊಟ್ಟಿಗೆಯ ಗೋಡೆಗೆ ಆತು ನಿಂತು ಕೂಸನ್ನು ಎತ್ತಿ ಹಿಡಿದಳು. ಅಯಾಜ ಅತ್ತ. ಮರುದಿನ ಇನ್ನಿಬ್ಬರು ಬಂದರು. ರೇಷನ್ ಕಾರ್ಡಿನ ಕೆವೈಸಿಗೆ ಮೊಬೈಲಿನಲ್ಲಿ ಮುಖ ತೋರಿಸುವವರು ಬಂದರು. ವಾರದಲ್ಲಿ ಒಂಬತ್ತು ಮನೆಗಳಾದವು. ಗೋಡೆಯ ಆಚೆ ದನ, ಈಚೆ ಇವರು.

ಭಾನುವಾರ ಮಹಾಲಿಂಗಪ್ಪನ ಮಗ ಸಿದ್ದಾರೂಢ ಕ್ರಿಕೆಟ್ ನೋಡುವಾಗ ಚಿತ್ರ ನಿಂತು ನಿಂತು ಬಂತು. ಯಾರ ಯಾರ ಮೊಬೈಲು ಕೂಡಿಕೊಂಡಿವೆ ಎಂದು ತೆಗೆದು ನೋಡಿದ. ಅದರಲ್ಲಿ ಸುಗರಾಳ ಹೆಸರು ಇತ್ತು. ಕೇರಿಯಲ್ಲಿ ಪಾಸ್‌ವರ್ಡ್ ಹಾಕಿಕೊಟ್ಟದ್ದು ಅನ್ನಪೂರ್ಣಾಳ ಮೊಬೈಲಿಗೆ ಮಾತ್ರ. ಅವನು ಪಾಸ್‌ವರ್ಡ್ ಬದಲಿಸಿದ. ವೈಫೈಯ ಹೆಸರನ್ನೂ ಬದಲಿಸಿದ.

ಅನ್ನಪೂರ್ಣಾಳಿಗೆ ಗದಗಿನಲ್ಲಿ ಸೀಟು ಸಿಕ್ಕಿತ್ತು. ಮಂಗಳವಾರ ಸಂಜೆ ಐದರೊಳಗೆ ಮೊಬೈಲಿನಲ್ಲಿ ಒಪ್ಪಿಗೆ ಒತ್ತಬೇಕಿತ್ತು. ಒತ್ತದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತಿತ್ತು. ಆ ವಾರವೇ ಡ್ಯಾಮಿನಿಂದ ನೀರು ಬಿಟ್ಟಿದ್ದರು. ರೋಣದ ದಾರಿಯ ಸೇತುವೆಯ ಮೇಲೆ ಎದೆಮಟ್ಟ ನೀರು ನಿಂತು ಬಸ್ಸು ಬಂದ್ ಆಗಿತ್ತು. ಟವರಿಗೆ ಕರೆಂಟು ಇರಲಿಲ್ಲ. ಊರಲ್ಲಿ ಜೀವ ಇದ್ದದ್ದು ಒಂದೇ, ಮಹಾಲಿಂಗಪ್ಪನ ಇನ್ವರ್ಟರಿನ ಮೇಲೆ ನಡೆಯುವ ಆ ಪೆಟ್ಟಿಗೆ.

ಸೋಮವಾರ ಇಡೀ ದಿನ ಉಡಚವ್ವ ಮೇಲೋಣಿಯ ಮನೆಮನೆಗೆ ಹೋದಳು. ಹೊಸ ಪಾಸ್‌ವರ್ಡ್ ಎಲ್ಲರ ಬಳಿಯೂ ಇತ್ತು. ಯಾರೂ ಕೊಡಲಿಲ್ಲ. ಮಂಗಳವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಮಹಾಲಿಂಗಪ್ಪನ ಅಂಗಳಕ್ಕೆ ಹೋಗಿ ನಿಂತಳು. ಮೊದಲು ಕೊಟ್ಟಿಗೆ ಬಳಿ ಎಂದರು. ಬಳಿದಳು. ಹಿತ್ತಲಿನ ಬಚ್ಚಲು ತುಂಬಿದೆ, ಎತ್ತಿ ಹಾಕು ಎಂದರು. ಮೊಣಕೈವರೆಗೆ ಕೈ ಇಳಿಸಿ ರೊಜ್ಜು ಎತ್ತಿ ಹಾಕಿದಳು. ಹನ್ನೆರಡಾಯಿತು. ಮಹಾಲಿಂಗಪ್ಪ ಹೊರಗೆ ಬಂದು ಕುರ್ಚಿಯ ಮೇಲೆ ಕೂತ.

"ಕಳುವು ಮಾಡಿದಾಕಿ ನಿನ್ನ ಮಗಳು. ಆಕಿ ಹೇಳ್ಲಿ, ನಾ ಕಳ್ಳಿ ಅಂತ. ಆಮ್ಯಾಲ ನೋಡೂಣು," ಎಂದ.

ಸಿದ್ದಾರೂಢ ಮೊಬೈಲ್ ಎತ್ತಿ ಹಿಡಿದ. ಅಕ್ಕಪಕ್ಕದ ಮನೆಯವರು ಮಾಳಿಗೆ ಏರಿ ನಿಂತರು. ಅನ್ನಪೂರ್ಣಾ ತಾಯಿಯ ಕಡೆ ನೋಡಿದಳು. ಉಡಚವ್ವನಿಗೆ ಸೀಟು ಕಂಡಿತು, ಬಿಳಿ ಅರಿವೆ ತೊಟ್ಟ ಮಗಳು ಕಂಡಳು. ಅವಳು ಮಗಳ ಬೆನ್ನಿಗೆ ಕೈ ಹಚ್ಚಿ ಮುಂದೆ ದೂಡಿದಳು.

"ಅಂದ್ಬಿಡು ಮಗಳ. ಮಾತಿನಾಗ ಏನೈತಿ."

ಅನ್ನಪೂರ್ಣಾ ಹೇಳಿದಳು. ಕೇಳಿಸಲಿಲ್ಲ ಎಂದ ಸಿದ್ದಾರೂಢ. ಮತ್ತೆ ಹೇಳಿದಳು. ಅಪ್ಪನ ಹೆಸರು ಸೇರಿಸಿ ಹೇಳು ಎಂದ. ದೇವಪ್ಪನ ಮಗಳು ನಾನು, ಕಳ್ಳಿ, ಎಂದು ಹೇಳಿದಳು. ಮಾಳಿಗೆಯ ಮೇಲೆ ಯಾರೋ ಸಿಳ್ಳೆ ಹಾಕಿದರು.

ಊಟ ಮಾಡಿ ಪಾಸ್‌ವರ್ಡ್ ಹಾಕಿ ಕೊಡುತ್ತೇನೆ ಎಂದು ಸಿದ್ದಾರೂಢ ಒಳಗೆ ಹೋದ. ಬಾಗಿಲು ಮುಚ್ಚಿತು. ಇಬ್ಬರೂ ಕೊಟ್ಟಿಗೆಯ ಹಿಂದೆ ಕೂತರು. ಎರಡಾಯಿತು. ಮೂರಾಯಿತು. ಉಡಚವ್ವ ಎದ್ದು ಬಾಗಿಲ ಬಳಿ ಹೋಗಿ ಕರೆದಳು. ಮಲಗಿದ್ದಾರೆ ಎಂದು ಒಳಗಿನಿಂದ ಉತ್ತರ ಬಂತು. ನಾಲ್ಕೂವರೆಗೆ ಮತ್ತೆ ಕರೆದಳು. ಕಿಟಕಿಯಲ್ಲಿ ರಾಜೇಶ್ವರಿ ಕಂಡಳು. ಕಂಡು, ಪರದೆ ಎಳೆದಳು. ಐದಕ್ಕೆ ಐದು ನಿಮಿಷ ಇರುವಾಗ ಅನ್ನಪೂರ್ಣಾ ತೋಚಿದ ಅಕ್ಷರಗಳನ್ನೆಲ್ಲ ಹಾಕಿ ಹಾಕಿ ನೋಡಿದಳು. ತನ್ನ ಹೆಸರು, ಸಿದ್ದಾರೂಢನ ಹೆಸರು, ದೇವರ ಹೆಸರು. ಯಾವುದೂ ಕೂಡಲಿಲ್ಲ.

ಆರೂ ಹತ್ತಕ್ಕೆ ರಾಜೇಶ್ವರಿ ಹೊರಗೆ ಬಂದಳು. ಮೊಬೈಲನ್ನು ಒರೆಸಿ ಎತ್ತಿಕೊಂಡು ಪಾಸ್‌ವರ್ಡ್ ಹಾಕಿ ಮೆಟ್ಟಿಲ ಮೇಲಿಟ್ಟಳು. ಪುಟ ತೆರೆಯಿತು. ಅವಧಿ ಮುಗಿದಿದೆ ಎಂದು ಅದರಲ್ಲಿ ಬರೆದಿತ್ತು.

"ಮುಂದಿನ ವರ್ಷ ಮತ್ತ ಕರೀತಾರಲ್ಲ, ಆವಾಗ ಹಾಕು," ಎಂದಳು ರಾಜೇಶ್ವರಿ, ಮೆಲ್ಲಗೆ.

ಅನ್ನಪೂರ್ಣಾ ಅಳಲಿಲ್ಲ. ತಾಯಿಯ ಜೊತೆ ಮಾತಾಡಲೂ ಇಲ್ಲ.

ಗುರುವಾರ ಟವರಿಗೆ ಕರೆಂಟು ಬಂತು. ದಿಬ್ಬದ ಮೇಲೆ ನಿಂತು ಉಡಚವ್ವ ಗಂಡನಿಗೆ ಫೋನು ಹಚ್ಚಿದಳು. ಮಗಳ ವಿಡಿಯೊ ಗೋವಾಕ್ಕೆ ಮುಟ್ಟಿತ್ತು. ಕೂಲಿಯವರೆಲ್ಲ ಅದನ್ನು ನೋಡಿದ್ದರು. ದೇವಪ್ಪನೂ ನೋಡಿದ್ದ.

"ಅದರಾಗ ಹಿಂದಿಂದ ಆಕಿನ್ನ ದೂಡತೈತಲ್ಲ ಒಂದು ಕೈ, ಅದು ನಿಂದ ಹೌದಲ್ಲ?" ಎಂದು ಕೇಳಿದ.

ಅವಳು ಹೌದು ಎಂದಳು. ಅವನು ಫೋನು ಇಟ್ಟ. ಉಡಚವ್ವ ದಿಬ್ಬದಿಂದ ಇಳಿದು ಬಂದು ಬಚ್ಚಲಲ್ಲಿ ಕೂತು ತನ್ನ ಬಲಗೈಯನ್ನು ಬೂದಿ ಹಚ್ಚಿ ತಿಕ್ಕಿದಳು. ಚರ್ಮ ಸುಲಿಯುವವರೆಗೆ ತಿಕ್ಕಿದಳು.

ಸೇತುವೆಯ ನೀರು ಇಳಿದ ಶುಕ್ರವಾರ ತಾಲೂಕಿನಿಂದ ಒಂದು ಜೀಪು ಬಂತು. ಒಬ್ಬ ಸಾಹೇಬ, ಒಬ್ಬ ಕ್ಯಾಮೆರಾದವನು. ಸ್ವಲ್ಪ ಹೊತ್ತಿಗೆ ಸಿದ್ದಾರೂಢನೇ ಕೇರಿಗೆ ಬಂದು ಉಡಚವ್ವನನ್ನು ಕರೆದ. ಈ ಸಲ ಏ ಉಡಚಿ ಎನ್ನಲಿಲ್ಲ, ಉಡಚವ್ವ ಎಂದ. ಹಿತ್ತಲಿಂದಲ್ಲ, ಮುಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದ. ರಾಜೇಶ್ವರಿ ಒಂದು ಹೊಸ ಶಾಲು ತಂದು ಅವಳ ಹೆಗಲಿನ ಮೇಲೆ ದೂರದಿಂದಲೇ ಹಾಕಿದಳು. ಮಹಾಲಿಂಗಪ್ಪ ಪಡಸಾಲೆಯ ಮೂಲೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ.

"ಸಾಹೇಬ್ರು ಕೇಳಿದ್ರ ಚಲೋ ನಡದೈತಿ ಅನ್ನು. ಅಷ್ಟ ಅನ್ನು. ಇವತ್ತ ಆ ಹೆಸರು ತಗಸ್ತೇನಿ, ವಿಡಿಯೊನೂ ತಗಸ್ತೇನಿ. ಪಾಸ್‌ವರ್ಡ್ ನಿನ್ನ ಮಗಳ ಕೈಗೆ ಕೊಡ್ತೇನಿ."

ಅವಳನ್ನು ಕುರ್ಚಿಯ ಮೇಲೆ ಕೂಡ್ರಿಸಿದರು. ಆ ಮನೆಯಲ್ಲಿ ಅವಳು ಕುರ್ಚಿ ಮುಟ್ಟಿದ್ದು ಅದೇ ಮೊದಲು. ಅನ್ನಪೂರ್ಣಾ ಹೊಸ್ತಿಲಿನ ಹೊರಗೆ ನಿಂತಿದ್ದಳು. ಸಾಹೇಬ ಫೈಲು ತೆರೆದು ಓದಿದ. ಫಲಾನುಭವಿ ಉಡಚವ್ವ ಗಂಡ ದೇವಪ್ಪ. ಹಿಂದುಳಿದ ಓಣಿಯ ಮನೆಗಳು ಒಂದು ಸಂಪರ್ಕವನ್ನು ಹಂಚಿಕೊಳ್ಳುವ ಯೋಜನೆ. ಪೆಟ್ಟಿಗೆ ಫಲಾನುಭವಿಯ ಮನೆಯಲ್ಲಿ. ಓಣಿಯ ಹದಿನೆಂಟೂ ಮನೆಗಳಿಗೆ ಉಚಿತ. ಫೈಲಿನಲ್ಲಿ ಒಂದು ಫೋಟೊ ಇತ್ತು. ಸಾಹೇಬ ಅದನ್ನು ಅವಳ ಕಡೆ ತಿರುಗಿಸಿದ.

ಫೋಟೊದಲ್ಲಿ ಅವಳೇ ಇದ್ದಳು. ತನ್ನ ಬಾಗಿಲ ಮುಂದೆ, ಕೈಗೆ ಅರಿವೆ ಸುತ್ತಿಕೊಂಡು, ಬಿಳಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ಆ ದಿನ ಅವಳಿಗೆ ನೆನಪಾಯಿತು. ಅಗೆತ ಮುಗಿದ ದಿನ, ಅಗೆದವರ ಫೋಟೊ ಬೇಕಂತೆ ಎಂದು ಅವಳ ಕೈಗೆ ಪೆಟ್ಟಿಗೆ ಕೊಟ್ಟಿದ್ದರು. ಆಧಾರ್ ಕಾರ್ಡು ಇಸಿದುಕೊಂಡು ಝರಾಕ್ಸ್ ಮಾಡಿಸಿದ್ದರು. ಫೋಟೊ ಹೊಡೆದ ಮೇಲೆ ಸಿದ್ದಾರೂಢ ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಹೋಗಿದ್ದ.

"ಹ್ಯಾಂಗ ನಡದೈತ್ರಿ ಇಂಟರ್ನೆಟ್? ಕ್ಯಾಮೆರಾ ನೋಡ್ಕೋತ ಹೇಳ್ರಿ," ಎಂದ ಸಾಹೇಬ.

ಉಡಚವ್ವ ಫೋಟೊ ನೋಡಿದಳು. ಗೋಡೆ ನೋಡಿದಳು. ಪೆಟ್ಟಿಗೆ ದೇವರ ಪಟದ ಪಕ್ಕದಲ್ಲಿತ್ತು. ಅದರ ಹಸಿರು ದೀಪ ಮಿಣುಕುತ್ತಿತ್ತು.

"ಈ ಪೆಟಗಿ ಯಾರದ್ರಿ ಸಾಹೇಬ್ರ?"

"ನಿಮ್ಮದ ಅಲ್ಲೇನವಾ. ನಿಮ್ಮ ಹೆಸರಿಲೆ ಐತಿ."

ಅವಳು ಎದ್ದಳು. ಶಾಲು ಕೆಳಗೆ ಬಿತ್ತು. ಗೋಡೆಯ ಹತ್ತಿರ ಹೋಗಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ಕಿತ್ತಳು. ಮೊಳೆ ಗಾರೆಯ ಸಮೇತ ಬಂತು. ವೈರು ಹರಿಯಿತು. ಹಸಿರು ದೀಪ ಆರಿತು. ಮೇಲೋಣಿಯ ಹನ್ನೊಂದು ಮನೆಗಳಲ್ಲಿ ಒಮ್ಮೆಲೇ ಎಲ್ಲ ನಿಂತಿತು.

"ನಂದು ಅಂದ್ರ ನನ್ನ ಮನ್ಯಾಗ ಇರ್ಲಿ. ನಾ ಅಗದೀನಿ, ನನ್ನ ಹೆಸರಿಲೆ ಐತಿ, ನನ್ನ ಮಗಳು ಕಳ್ಳಿ. ಚಲೋ ನಡದೈತ್ರಿ ಸಾಹೇಬ್ರ. ಇದನ್ನ ಬರ್ಕೋರಿ."

ಸಾಹೇಬ ಕ್ಯಾಮೆರಾ ಬಂದ್ ಮಾಡಿಸಿದ. ಹೆಸರು ಯಾರದಾದರೇನು, ಊರಿಗೆ ಬಂದರೆ ಸಾಕಲ್ಲ ಎಂದು ಸಮಾಧಾನ ಹೇಳತೊಡಗಿದ. ಅವಳು ನಿಲ್ಲಲಿಲ್ಲ. ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದಳು. ಅನ್ನಪೂರ್ಣಾ ಹಿಂದೆಯೇ ಬಂದಳು. ಮನೆಗೆ ಬಂದು ಪೆಟ್ಟಿಗೆಯನ್ನು ಜೋಳದ ಚೀಲದ ಮೇಲೆ ಇಟ್ಟಾಗ ಮಂಗಳವಾರದ ನಂತರ ಮಗಳು ಮೊದಲ ಸಲ ಮಾತಾಡಿದಳು.

"ಲೈನ್ ಇಲ್ದ ಅದು ನಡಿಯಂಗಿಲ್ಲ ಯವ್ವ."

"ಗೊತ್ತೈತಿ."

"ಮತ್ಯಾಕ ತಂದಿ?"

"ನಂದು. ಅದಕ್ಕ ತಂದೀನಿ."

ಮಹಾಲಿಂಗಪ್ಪ ಕೂಗಾಡಲಿಲ್ಲ. ಶನಿವಾರದಿಂದ ಕೇರಿಯ ಯಾರಿಗೂ ಹೊಲದಲ್ಲಿ ಕೆಲಸ ಇರಲಿಲ್ಲ. ಉಳ್ಳಾಗಡ್ಡಿ ಕೀಳಲು ಬೇರೆ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಆಳುಗಳು ಬಂದರು. ಗಿರಣಿಯವನು ಕೇರಿಯ ಜೋಳ ಬೀಸಲಿಲ್ಲ. ಅಂಗಡಿಯವನು ಎಣ್ಣೆ ಇಲ್ಲ ಎಂದ. ಎಣ್ಣೆಯ ಡಬ್ಬಿ ಅವನ ಹಿಂದೆಯೇ ಇತ್ತು. ಕೇರಿಯವರು ಮೂರು ದಿನ ತಡೆದರು. ನಾಲ್ಕನೆಯ ದಿನ ಹಿರಿಯರು ಉಡಚವ್ವನ ಬಾಗಿಲಿಗೆ ಬಂದು, ಕೊಟ್ಟುಬಿಡು, ಹೊಟ್ಟೆಯ ಮೇಲೆ ಹೊಡೆದುಕೊಳ್ಳುವುದು ಬೇಡ ಎಂದರು. ಗೋಡೆಯ ಹಿಂದೆ ನಿಂತು ರೇಷನ್ ಕಾರ್ಡಿಗೆ ಮುಖ ತೋರಿಸಿದ್ದವರೂ ಅವರಲ್ಲಿ ಇದ್ದರು. ಉಡಚವ್ವ ಎಲ್ಲರ ಮಾತನ್ನೂ ಕೇಳಿದಳು. ಕೊಡುವುದಿಲ್ಲ ಎಂದಳು. ಅವರು ಅವಳನ್ನು ಬೈದು ಹೋದರು. ಸುಗರಾ ಒಬ್ಬಳು ರೊಟ್ಟಿ ತಂದು ಇಟ್ಟು ಹೋದಳು.

ಬುಧವಾರ ಹಾಡಹಗಲು ಸಿದ್ದಾರೂಢ ಮೂವರನ್ನು ಕರೆದುಕೊಂಡು ಬಂದ. ಬಾಗಿಲು ಒದ್ದರು. ಅನ್ನಪೂರ್ಣಾಳ ಜಡೆ ಹಿಡಿದು ಎಳೆದು ಹೊರಗೆ ಹಾಕಿದರು. ಉಡಚವ್ವ ಪೆಟ್ಟಿಗೆಯನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬೋರಲು ಮಲಗಿದಳು. ಬೆನ್ನಿಗೆ ಒದ್ದರು. ಪಕ್ಕೆಗೆ ಒದ್ದರು. ಅವಳು ಏಳಲಿಲ್ಲ. ಆಗ ಸಿದ್ದಾರೂಢ ಅವಳ ಬಲಗೈಯನ್ನು ಹೊರಗೆ ಎಳೆದು, ಹೊಸ್ತಿಲಿನ ಅಂಚಿಗೆ ಇಟ್ಟು, ಬೂಟುಗಾಲಿನಿಂದ ತುಳಿದ. ಒಣ ತೊಗರಿಕಟ್ಟಿಗೆ ಮುರಿದಂತೆ ಸಪ್ಪಳವಾಯಿತು. ಎರಡನೆಯ ಸಲ ತುಳಿದಾಗ ಸಪ್ಪಳ ಬರಲಿಲ್ಲ. ಉಳಿದ ಹದಿನೇಳು ಮನೆಗಳ ಬಾಗಿಲು ಮುಚ್ಚಿದ್ದವು. ಪೆಟ್ಟಿಗೆ ತೆಗೆದುಕೊಂಡು ಹೋದರು. ಸಂಜೆಗೆ ಹನ್ನೊಂದು ಮನೆಗಳಲ್ಲಿ ಕ್ರಿಕೆಟ್ ನಡೆಯಿತು. ವೈಫೈಯ ಹೆಸರು ಹಾಗೇ ಇತ್ತು.

ಸುಗರಾ ಮತ್ತು ಅನ್ನಪೂರ್ಣಾ ಅವಳನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ರೋಣದ ದವಾಖಾನೆಗೆ ಒಯ್ದರು. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಪಕ್ಕೆಲುಬು ಬಿರುಕು ಬಿಟ್ಟಿತ್ತು. ಮೂರನೆಯ ದಿನ ಒಬ್ಬ ಪೋಲೀಸಿನವನು ಕಾಗದ ಹಿಡಿದುಕೊಂಡು ಬಂದ. ಹಿಂದೆ ಮಹಾಲಿಂಗಪ್ಪ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಪೋಲೀಸಿನವನು ಕಾಗದ ಓದಿ ಹೇಳಿದ. ಉಡಚವ್ವ ಪೆಟ್ಟಿಗೆ ಕಳುವು ಮಾಡಿದ್ದಾಳೆ. ತಾನೇ ಹೊಸ್ತಿಲು ಎಡವಿ ಬಿದ್ದಿದ್ದಾಳೆ. ಸಾವ್ಕಾರರು ದೊಡ್ಡ ಮನಸ್ಸು ಮಾಡಿ ಕಳುವಿನ ತಕರಾರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಅವಳೂ ಯಾರ ಮೇಲೂ ತಕರಾರು ಮಾಡಬಾರದು. ರಾಜಿ.

"ನಿನ್ನ ಮಗಳಿಗೆ ಮುಂದಿನ ವರ್ಷ ನಾನ ನಿಂತು ಸೀಟು ಕೊಡಸ್ತೇನಿ," ಎಂದ ಮಹಾಲಿಂಗಪ್ಪ, ಹಣ್ಣಿನ ಚೀಲವನ್ನು ಮಂಚದ ತುದಿಗೆ ಇಡುತ್ತ. "ಹೆಬ್ಬಟ್ಟು ಒತ್ತು. ಮುಗೀಲಿ."

ಬಲಗೈಗೆ ಪ್ಲಾಸ್ಟರ್ ಹಾಕಿದ್ದರು. ಪೋಲೀಸಿನವನು ಎಡಗೈ ಹಿಡಿದು ಹೆಬ್ಬೆರಳಿಗೆ ಶಾಯಿ ಬಳಿದ. ಉಡಚವ್ವ ಮಗಳ ಮುಖ ನೋಡಿದಳು. ಅನ್ನಪೂರ್ಣಾ ಮಂಚದ ತಲೆದೆಸೆಯಲ್ಲಿ ನಿಂತಿದ್ದಳು. ಅವಳು ಮಹಾಲಿಂಗಪ್ಪನನ್ನು ನೋಡಲಿಲ್ಲ, ತಾಯಿಯನ್ನೇ ನೋಡಿದಳು.

"ಒತ್ತಬ್ಯಾಡ ಯವ್ವ," ಎಂದಳು.

ಉಡಚವ್ವ ಹೆಬ್ಬೆರಳನ್ನು ಒಳಗೆ ಮಡಿಚಿ ಮುಷ್ಟಿ ಕಟ್ಟಿದಳು. ಪೋಲೀಸಿನವನು ನಕ್ಕು, ಕಿರುಬೆರಳಿನಿಂದ ಬಿಡಿಸಲು ಶುರು ಮಾಡಿದ. ಅದು ಏಳಲಿಲ್ಲ. ಎರಡೂ ಕೈ ಹಾಕಿ ಹಿಂದಕ್ಕೆ ಜಗ್ಗಿದ. ಬಿರುಕು ಬಿಟ್ಟ ಪಕ್ಕೆಲುಬಿನ ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು, ಹಲ್ಲು ಕಚ್ಚಿದಳು, ಶಾಯಿ ಬೆರಳ ಸಂದಿಯಿಂದ ಸೋರಿ ಮಣಿಕಟ್ಟಿಗೆ ಇಳಿಯಿತು. ಮುಷ್ಟಿ ಬಿಚ್ಚಲಿಲ್ಲ. ಅಕ್ಕಪಕ್ಕದ ಮಂಚದವರು ಎದ್ದು ಕೂತು ನೋಡತೊಡಗಿದರು. ಪೋಲೀಸಿನವನ ಹಣೆ ಬೆವರಿತು. ಕೈ ಬಿಟ್ಟು, ಅಂಟಿದ ಶಾಯಿಯನ್ನು ಅವಳ ಹಾಸಿಗೆಯ ಅರಿವೆಗೆ ಒರೆಸಿಕೊಂಡು, ನಾಳೆ ಬರುತ್ತೇವೆ ಎಂದ.

"ನಾಳಿ ಬರ್ರಿ. ನಾಡಿದ್ದೂ ಬರ್ರಿ," ಎಂದಳು ಉಡಚವ್ವ. "ಕೈ ಮುರೀಬೇಕಂದ್ರ ಇದನ್ನೂ ಮುರೀರಿ. ಬಿಚ್ಚಂಗಿಲ್ಲ."